ಏರಿನಲ್ಲಿ ವೈನಿ ಇಳಿಯಬಾರದು

ಅಣ್ಣ ತನ್ನ ಲಾರಿ ತಂದು ನನ್ನ ಅಂಗಡಿಯ ಮುಂದೆ ನಿಲ್ಲಿಸಿದಾಗ ನಾನು ಯಾರದೋ ಟ್ರ್ಯಾಕ್ಟರಿನ ಪಂಪು ಬಿಚ್ಚಿಕೊಂಡು ಕುಳಿತಿದ್ದೆ. ಬೈಲಹೊಂಗಲದಲ್ಲಿ ಡೀಸೆಲ್ ಪಂಪು ರಿಪೇರಿ ಮಾಡುವ ಹೆಂಗಸು, ನನಗೆ ಗೊತ್ತಿದ್ದ ಮಟ್ಟಿಗೆ, ನಾನೊಬ್ಬಳೇ. ಹೊಸ ಗಿರಾಕಿ ಬಂದರೆ "ಮಿಸ್ತ್ರಿ ಎಲ್ಲಿ ಹೋಗ್ಯಾರ್ರಿ ಅಕ್ಕಾರ?" ಎಂದು ಕೇಳುತ್ತಾರೆ. "ನಾನ ಮಿಸ್ತ್ರಿ" ಎಂದರೂ ಒಂದು ಸಲ ಒಳಗೆ ಹಣಿಕಿ ನೋಡಿಯೇ ನಂಬುವುದು. ಅಣ್ಣನಿಗೆ ಅಂಥ ಅನುಮಾನವೇನೂ ಇಲ್ಲ. ಅಪ್ಪ ಇದೇ ಅಂಗಡಿಯಲ್ಲಿ ನಮ್ಮಿಬ್ಬರಿಗೂ ಕೆಲಸ ಕಲಿಸಲು ಕೂಡಿಸಿದ್ದರು. ಸ್ಪ್ಯಾನರಿಗಿಂತ ಸ್ಟೇರಿಂಗೇ ಚಂದ ಎಂದು ಅವನು ಎದ್ದು ಹೋದ, ನಾನು ಉಳಿದೆ.

ಅವತ್ತು ಅವನು ಬಂದವನೇ ಚಹಾ ಕೇಳಲಿಲ್ಲ, ನನ್ನ ಮಗಳ ಸಾಲಿಯ ಸುದ್ದಿ ಕೇಳಲಿಲ್ಲ. ನಿಂತುಕೊಂಡೇ ಹೇಳಿದ.

"ಪಂಪ್ ಏರಿಸಿ ಕೊಡು. ಈ ಸೀಜನ್ನಿನ್ಯಾಗ ಆ ಏರಿನ್ಯಾಗ ನಿಮ್ಮ ವೈನಿ ಕೆಳಗ ಇಳೀಬಾರದು. ಅಷ್ಟ ಬಲ ಬೇಕು ನನಗ."

ವೈನಿ ಎಂದರೆ ಅವನ ಹೆಂಡತಿ. ಇಬ್ಬರೂ ದೊಡವಾಡದಲ್ಲಿರುತ್ತಾರೆ. ಲಾರಿ ಹಳೆಯದು, ಟರ್ಬೊ ಇಂಜಿನ್ನಿನದು, ಅಣ್ಣನ ಕೈಗೆ ಬರುವ ಮೊದಲು ಯಾವುದೋ ಕಲ್ಲಿನ ಖಣಿಯಲ್ಲಿ ದುಡಿದು ಬಂದದ್ದು. ದೀಪಾವಳಿ ಮುಗಿದು ಕಬ್ಬಿನ ಕಟಾವು ಶುರುವಾಯಿತೆಂದರೆ ಅಣ್ಣ ಅದರ ಹಿಂದೆ ಒಂದು ಟ್ರೇಲರ್ ಕಟ್ಟಿಕೊಂಡು ಸವದತ್ತಿ ಕಡೆಯ ಹೊಲಗಳಿಂದ ರಾಮದುರ್ಗದ ಆಚೆಯ ಫ್ಯಾಕ್ಟರಿಗೆ ಕಬ್ಬು ಹೊಡೆಯುತ್ತಾನೆ. ದಾರಿಯಲ್ಲಿ, ಕಟಕೋಳ ದಾಟಿದ ಮೇಲೆ, ಒಂದು ಉದ್ದನೆಯ ಏರು ಸಿಗುತ್ತದೆ. ಮೋಟಾರ್ ಸೈಕಲ್ಲಿನವರಿಗೆ ಅದು ಏರು ಎಂದು ಗೊತ್ತೂ ಆಗುವುದಿಲ್ಲ. ಲಾರಿಯ ತುಂಬ ಕಬ್ಬು, ಹಿಂದೆ ಇನ್ನೊಂದು ಟ್ರೇಲರ್ ಕಬ್ಬು ಕಟ್ಟಿಕೊಂಡವನಿಗೆ ಮಾತ್ರ ಅಲ್ಲಿ ಅಪ್ಪ ಅಮ್ಮ ನೆನಪಾಗುತ್ತಾರೆ.

ಟ್ರೇಲರಿಗೆ ಬ್ರೇಕಿಲ್ಲ. ಇಂಜಿನ್ನು ಜಗ್ಗಲಾರದೆ ನಿಂತಿತೆಂದರೆ ಅಷ್ಟೂ ಭಾರ ಹಿಂದಕ್ಕೆ ಎಳೆಯುತ್ತದೆ. ಅದಕ್ಕೇ ನಮ್ಮ ಕಡೆ ಟ್ರೇಲರ್ ಜಗ್ಗುವವರೆಲ್ಲ ಒಂದು ರೂಢಿ ಇಟ್ಟುಕೊಂಡಿದ್ದಾರೆ. ಏರಿನ ಬುಡಕ್ಕೆ ಬಂದ ಕೂಡಲೇ ಒಬ್ಬರು ಕೆಳಗಿಳಿದು, ಜಾಲಿ ಕಟ್ಟಿಗೆಯ ದಪ್ಪ ತುಂಡೊಂದನ್ನು ಎತ್ತಿಕೊಂಡು, ಹಿಂದಿನ ಗಾಲಿಯ ಪಕ್ಕದಲ್ಲೇ ತುದಿಯವರೆಗೂ ನಡೆಯಬೇಕು. ಗಾಡಿ ಮುಗ್ಗರಿಸಿತು ಎನ್ನಿಸಿದ ಕ್ಷಣಕ್ಕೆ ಆ ತುಂಡನ್ನು ಗಾಲಿಯ ಹಿಂದೆ ಒಡ್ಡಬೇಕು. ಬೇರೆಯವರ ಗಾಡಿಗಳಲ್ಲಿ ಕ್ಲೀನರ್ ನಡೆಯುತ್ತಾನೆ. ಅಣ್ಣನ ಗಾಡಿಯಲ್ಲಿ ವೈನಿ ನಡೆಯುತ್ತಾಳೆ. ಕ್ಲೀನರ್ ಸಿಗದ ಒಂದು ವರ್ಷ, ಸಿಗುವ ತನಕ ಎಂದು ಗಾಡಿ ಹತ್ತಿದವಳು ಮುಂದೆ ಇಳಿಯಲೇ ಇಲ್ಲ. ಫ್ಯಾಕ್ಟರಿಯ ಸರದಿಯಲ್ಲಿ ಅಣ್ಣ ಗಾಡಿಯ ಕೆಳಗೆ ಮಲಗಿದ್ದಾಗ ಅವನನ್ನು ಎಬ್ಬಿಸಿ ಪಕ್ಕಕ್ಕೆ ಸರಿಸಿ, ತಾನೇ ಗಾಡಿಯನ್ನು ಮುಂದೆ ಮುಂದೆ ತೆಗೆದುಕೊಂಡು ಹೋಗುವವಳೂ ಅವಳೇ.

ಹಿಂದಿನ ಸೀಜನ್ನಿನ ಕೊನೆಯಲ್ಲಿ ಆ ಏರಿನಲ್ಲಿ ಗಾಡಿ ನಿಂತುಬಿಟ್ಟಿತ್ತು. ವೈನಿ ತುಂಡು ಒಡ್ಡಿದಳು. ರಸ್ತೆಯಂಚಿನ ಜಲ್ಲಿಕಲ್ಲಿನ ಖಡಿಯ ಮೇಲೆ ತುಂಡು ಜಾರಿತು, ಗಾಲಿ ಹಿಂದೆ ಬಂತು, ವೈನಿಯ ಒಂದು ಚಪ್ಪಲಿಯನ್ನು ಕಾಲಿನಿಂದ ಕಿತ್ತುಕೊಂಡು ಅದರ ಮೇಲೇ ನಿಂತಿತು. ವೈನಿ ಇದನ್ನು ನಮ್ಮ ಮನೆಯಲ್ಲಿ ಹೋಳಿಗೆ ತಟ್ಟುತ್ತ ನಗುನಗುತ್ತ ಹೇಳಿದ್ದಳು. "ಹೊಸಾ ಚಪ್ಪಲ್ ತಂಗಿ, ಹ್ವಾದ ವಾರಾನ ತಗೊಂಡಿದ್ನಿ!" ನಾವೆಲ್ಲ ನಕ್ಕೆವು. ಅಣ್ಣ ತಾಟು ಬಿಟ್ಟು ಎದ್ದು ಹೊರಗೆ ಹೋಗಿ ನಿಂತ. ಊಟಕ್ಕೆ ಕರೆದರೂ ಒಳಗೆ ಬರಲಿಲ್ಲ.

ಹಾಗಾಗಿ ಅವನು ಬಲ ಬೇಕು ಎಂದದ್ದು ಯಾಕೆಂದು ನನಗೆ ಗೊತ್ತಿತ್ತು. ಆದರೂ ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ.

"ಬಲ ಅಂದ್ರ ಏನ ಜ್ವಾಳದ ರೊಟ್ಟೇನಣ್ಣಾ, ಇನ್ನೊಂದ ಹಾಕು ಅಂತ ಕೇಳಾಕ?"

"ನೀ ಮಾಡ್ತಿಯೋ, ಇಲ್ಲಾ ಬ್ಯಾರೆ ಕಡೆ ಹೋಗ್ಲೋ? ಅಂವಾ ಆಗಿಂದಾಗ ಸ್ಕ್ರೂ ತಿರುವಿ ಕೊಡ್ತಾನಂತ."

ಅದೇ ನನಗೆ ಮೈ ಉರಿಯುವ ಮಾತು. ಪಂಪಿನ ಹಿಂಭಾಗದಲ್ಲಿ ಒಂದು ಸ್ಕ್ರೂ ಇರುತ್ತದೆ. ಅದನ್ನು ತಿರುವಿದರೆ ಇಂಜಿನ್ನಿಗೆ ಹೆಚ್ಚು ಡೀಸೆಲ್ ಹೋಗುತ್ತದೆ. ಗಾಡಿ ಕರ್ರಗೆ ಹೊಗೆ ಉಗುಳುತ್ತದೆ, ಡ್ರೈವರ್ ಕನ್ನಡಿಯಲ್ಲಿ ಆ ಹೊಗೆ ನೋಡಿ ಗಾಡಿಗೆ ಬಲ ಬಂತು ಎಂದು ಮೀಸೆ ತಿರುವುತ್ತಾನೆ. ಕಬ್ಬಿನ ಗಾಡಿಯವರಲ್ಲಿ ಇದೊಂದು ದೊಡ್ಡ ನಂಬಿಕೆ. ಕಪ್ಪು ಹೊಗೆ ಎಂದರೆ ಸುಡದೆ ಹೋದ ಡೀಸೆಲ್ಲು ಎಂದು ಎಷ್ಟು ಸಲ ಹೇಳಿದರೂ ಅವರ ತಲೆಗೆ ಹೋಗುವುದಿಲ್ಲ. ಒಲೆಗೆ ಕಟ್ಟಿಗೆ ತುರುಕಿ ಊದದೆ ಕುಳಿತರೆ ಮನೆಯ ತುಂಬ ಹೊಗೆಯಾಗುತ್ತದೆಯೇ ಹೊರತು ಅನ್ನ ಬೇಯುವುದಿಲ್ಲ. ಇಂಜಿನ್ನಿನಲ್ಲಿ ಊದುವ ಕೆಲಸ ಟರ್ಬೊದ್ದು. ಹೊರಗೆ ಹೋಗುವ ಹೊಗೆಯ ರಭಸಕ್ಕೇ ತಿರುಗಿ, ಒಳಗೆ ಗಾಳಿ ತುಂಬುವ ಪಂಖ ಅದು. ಗಾಳಿ ಸಾಲದೆ ಡೀಸೆಲ್ ಮಾತ್ರ ಏರಿಸಿದರೆ ಒಳಗಿನ ಬಿಸಿ ಏರಿ ಪಿಸ್ಟನ್ ಕರಗುತ್ತದೆ. ಅದು ಕರಗುವುದೂ ಸಪಾಟು ರಸ್ತೆಯಲ್ಲಲ್ಲ, ಎಲ್ಲಿ ಅತಿ ಹೆಚ್ಚು ಜಗ್ಗಬೇಕೋ ಆ ಏರಿನ ನಡುವೆ.

"ನಾನ ಮಾಡ್ತೇನಿ," ಎಂದೆ. "ಆದ್ರ ಮೊದಲ ಬ್ರೇಕು."

ಗಾಡಿಯ ಬ್ರೇಕಿನ ಪಟ್ಟಿಗಳು ಸವೆದು ತಗಡಿನಂತಾಗಿದ್ದವು. ಮುಂದೆ ಮಾತ್ರ ಹೊಸದೊಂದು ಹಾಡುವ ಹಾರ್ನು, ಕನ್ನಡಿಗೆ ಬಣ್ಣಬಣ್ಣದ ಗೊಂಡೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಅಣ್ಣ ಗೊಣಗುತ್ತಲೇ ಲಾರಿಯ ಬ್ರೇಕು ಹೊಸದು ಹಾಕಿಸಿದ. ಟ್ರೇಲರಿಗೂ ಹಾಕಿಸು ಎಂದು ಕಿತ್ತೂರಿನ ವೆಲ್ಡಿಂಗ್ ಅಂಗಡಿಗೆ ಕಳಿಸಿದೆ. ಅಲ್ಲಿಯವನು ಅಚ್ಚನ್ನೇ ಬದಲಿಸಬೇಕು, ಸಂಕ್ರಾಂತಿಯವರೆಗೆ ಕೈ ಖಾಲಿ ಇಲ್ಲ ಎಂದನಂತೆ. ಕಬ್ಬು ಸಂಕ್ರಾಂತಿಯವರೆಗೆ ಕಾಯುವುದಿಲ್ಲ. ಆ ವಿಷಯಕ್ಕೆ ನಾವಿಬ್ಬರೂ ಅಂಗಡಿಯ ಮುಂದೆ ರಸ್ತೆಯವರೆಲ್ಲ ನಿಂತು ನೋಡುವಷ್ಟು ಜಗಳಾಡಿದೆವು.

ಪಂಪನ್ನು ಇಳಿಸಿ ಬೆಂಚಿಗೆ ಕಟ್ಟಿದೆ. ಬೆಂಚಿನಲ್ಲಿ ಪಂಪಿನ ಪ್ರತಿ ಬಾಯಿಗೂ ಒಂದೊಂದು ಗಾಜಿನ ನಳಿಕೆ. ಯಾವ ಬಾಯಿ ಎಷ್ಟು ಡೀಸೆಲ್ ಕೊಡುತ್ತದೆ ಎಂಬುದು ಅದರಲ್ಲಿ ಕಾಣುತ್ತದೆ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇತ್ತು, ಸರಿ ಮಾಡಿದೆ. ನಿಜವಾದ ರೋಗ ಸಿಕ್ಕಿದ್ದು ಆಮೇಲೆ. ಪಂಪಿನ ತಲೆಯ ಮೇಲೆ ಸಣ್ಣ ಡಬ್ಬಿಯೊಂದಿದೆ, ಅದರೊಳಗೆ ರಬ್ಬರಿನ ತೆಳು ಪರದೆ. ಟರ್ಬೊದ ಗಾಳಿ ಬಂದು ಆ ಪರದೆಯನ್ನು ಒತ್ತಿದರೆ ಮಾತ್ರ ಪಂಪು ಹೆಚ್ಚು ಡೀಸೆಲ್ ಬಿಡುತ್ತದೆ. ಆ ಪರದೆ ಹರಿದಿತ್ತು. ಟರ್ಬೊ ತನ್ನ ಪಾಡಿಗೆ ಊದುತ್ತಿತ್ತು, ಪಂಪಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಇಷ್ಟು ವರ್ಷ ಆ ಗಾಡಿ ಅರೆಹೊಟ್ಟೆಯಲ್ಲಿ ದುಡಿದಿತ್ತು. ಅಣ್ಣನಿಗೆ ಹರಿದ ಪರದೆ ತೋರಿಸಿದರೆ ಅವನು ಅದನ್ನು ಬೆರಳ ಮೇಲೆ ಹಾಕಿಕೊಂಡು, "ಇಷ್ಟಕ್ಕನ ಆಕೀ ಕಾಲ ಹೋಗ್ತಿತ್ತು?" ಎಂದ.

ಪರದೆ ಬದಲಿಸಿದೆ. ಇಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ನಾಜಲ್ಲುಗಳನ್ನು ತೊಳೆದೆ. ಟರ್ಬೊದಿಂದ ಇಂಜಿನ್ನಿಗೆ ಬರುವ ಪೈಪಿಗೆ ಸಾಬೂನಿನ ನೀರು ಹಚ್ಚಿ ನೋಡಿದರೆ ಎರಡು ಕಡೆ ಗುಳ್ಳೆ ಎದ್ದವು, ಪೈಪು ಹೊಸದಾಯಿತು. ಇದೆಲ್ಲ ಆದ ಮೇಲೆಯೇ ಆ ಸ್ಕ್ರೂ ಮುಟ್ಟಿದ್ದು, ಅದೂ ಕೂದಲೆಳೆಯಷ್ಟು. "ಇನ್ನಾ ಸ್ವಲ್ಪ," ಎಂದ ಅಣ್ಣ. ಅವನ ಕೈ ಪಕ್ಕಕ್ಕೆ ತಳ್ಳಿ ನಟ್ಟು ಬಿಗಿದು, ತಂತಿ ಸುತ್ತಿ ಸೀಸದ ಮುದ್ರೆ ಒತ್ತಿಬಿಟ್ಟೆ.

ಕಿತ್ತೂರು ರಸ್ತೆಯಲ್ಲಿ ಖಾಲಿ ಟ್ರೇಲರ್ ಕಟ್ಟಿಕೊಂಡು ಅಣ್ಣ, ನಾನು, ದೊಡವಾಡದಿಂದ ಬಂದಿದ್ದ ವೈನಿ ಮೂವರೂ ಓಡಿಸಿ ನೋಡಿದೆವು. ದಿಬ್ಬ ಬಂದಾಗ ಟರ್ಬೊ ಸಣ್ಣಗೆ ಸಿಳ್ಳೆ ಹಾಕಿ, ಗಾಡಿ ನಮ್ಮನ್ನು ಸೀಟಿನ ಬೆನ್ನಿಗೆ ಒತ್ತಿತು. ಹೊಗೆ ಇಲ್ಲವೆನ್ನುವಷ್ಟು ತೆಳು. ಅಣ್ಣ ಸ್ಟೇರಿಂಗ್ ಬಡಿದು ನಕ್ಕ. ವೈನಿ ನನ್ನ ಕೈ ಹಿಡಿದು, "ಇದು ಈಗ ಭಾಳ ಉಸಿರ ತಗೋತೈತಿ ಅಲ್ಲ ತಂಗಿ?" ಎಂದು ಕೇಳಿದಳು. ಹೌದು, ಮೊದಲಿಗಿಂತ ಬಹಳ ಗಾಳಿ ಬೇಕು ಈಗ ಇದಕ್ಕೆ ಎಂದೆ. ನನಗೆ ಮಾತ್ರ ಸಮಾಧಾನವಾಗಿರಲಿಲ್ಲ. ಖಾಲಿ ಗಾಡಿ ಯಾರು ಹೊಡೆದರೂ ಏರುತ್ತದೆ.

"ಮೊದಲನೇ ಲೋಡಿಗೆ ನಾನೂ ಬರತೇನಿ. ಅಲ್ಲೀತನಕ ಆ ತುಂಡು ಗಾಡ್ಯಾಗ ಇರ್ಲಿ," ಎಂದೆ.

ತುಂಡಿನ ಮಾತಿಗೆ ಅಣ್ಣ ಒಪ್ಪಲಿಲ್ಲ. ದೊಡವಾಡಕ್ಕೆ ಹೋದವನೇ ಜಾಲಿಯ ತುಂಡನ್ನು ತೆಗೆದು ಬಚ್ಚಲ ಒಲೆಯ ಪಕ್ಕಕ್ಕೆ ಎಸೆದನಂತೆ. ಇದರಿಂದ ಇನ್ನು ನೀರು ಕಾಸೋಣ ಎಂದನಂತೆ. ಆ ಏರಿನಲ್ಲಿ ವೈನಿ ಕ್ಯಾಬಿನ್ನಿನಲ್ಲೇ ಕುಳಿತಿರಬೇಕು, ಅದು ಅವನ ಹಟ. ಪ್ರೀತಿಗೆ ಹಟ ಸೇರಿದರೆ ಅದರ ಎದುರು ಮಾತಾಡಿ ಗೆದ್ದವರಿಲ್ಲ.

ಮೊದಲ ಲೋಡು ಚಚಡಿಯ ಹೊಲವೊಂದರಲ್ಲಿ ತುಂಬಿತು. ನಾನು ಬಸ್ಸಿನಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಲಾರಿ ತುಂಬಿ, ಟ್ರೇಲರಿನ ಮೇಲೆ ಕೊನೆಯ ಹೊರೆಗಳು ಏರುತ್ತಿದ್ದವು. ಬಿಸಿಲು ಚುರುಗುಟ್ಟುತ್ತಿತ್ತು. ಕಬ್ಬಿನ ಒಣ ಎಲೆಗೆ ನಮ್ಮಲ್ಲಿ ರವದಿ ಎನ್ನುತ್ತಾರೆ. ಅದು, ಅದರ ಧೂಳು ಗಾಳಿಯ ತುಂಬ ಹಾರುತ್ತಿದ್ದವು. ಕಡಿಯುವವರೆಲ್ಲ ಕಣ್ಣಷ್ಟೇ ಬಿಟ್ಟು ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದರು, ವೈನಿಯೂ ಹಾಗೇ. ನಾನು ಟ್ರೇಲರಿನ ಕೊಂಡಿ ನೋಡಿದೆ, ಪಿನ್ನು ನೋಡಿದೆ, ಬ್ರೇಕು ಒತ್ತಿಸಿ ನೋಡಿದೆ, ಏರ್ ಫಿಲ್ಟರ್ ತೆಗೆದು ಬಡಿದು ಹಾಕಿದೆ. ಲೋಡು ಹೆಚ್ಚಾಯಿತು ಎಂದು ಅಣ್ಣನಿಗೆ ಬೈದೆ. ಹೊಲದವರು ರೊಟ್ಟಿ, ಝುಣಕ ತಂದಿದ್ದರು. ಕೈ ತೊಳೆದುಕೊಂಡು ಉಂಡು ಬರುವಷ್ಟರಲ್ಲಿ ಹಗ್ಗ ಬಿಗಿದಾಗಿತ್ತು.

ಹೊರಟೆವು. ಬಲಕ್ಕೆ ಅಣ್ಣ, ನಡುವೆ ನಾನು, ಎಡಬಾಗಿಲ ಬಳಿ ವೈನಿ. ಅವಳು ಕಾಲು ಮೇಲೆತ್ತಿ ಯಾಕೋ ಮುದುಡಿ ಕುಳಿತಿದ್ದಳು. ನೋಡಿದರೆ ಅವಳ ಸೀಟಿನ ಕೆಳಗೆ ಗೋಣಿಚೀಲದಲ್ಲಿ ಸುತ್ತಿದ್ದ ಜಾಲಿಯ ತುಂಡು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು. ನಾನು ರಸ್ತೆಯ ಕಡೆ ತಿರುಗಿದೆ.

ಸಪಾಟು ರಸ್ತೆಯಲ್ಲಿ ಗಾಡಿ ಚೆನ್ನಾಗಿಯೇ ಓಡಿತು. ಮೊದಲ ಸಣ್ಣ ದಿಬ್ಬದಲ್ಲಿ ನನ್ನ ಕಿವಿ ನೆಟ್ಟಗಾಯಿತು. ಕಿತ್ತೂರು ರಸ್ತೆಯಲ್ಲಿ ಕೇಳಿದ ಸಿಳ್ಳೆ ಇದಲ್ಲ. ಏನೋ ಗಂಟಲು ಹಿಡಿದಂತಿತ್ತು. ಕನ್ನಡಿಗೆ ಬಾಗಿ ನೋಡಿದೆ. ಹಿಂದೆ ಕರ್ರಗೆ ಹೊಗೆ.

"ಅಣ್ಣಾ, ಹೊಗಿ ನೋಡು."

"ನೋಡಿದ್ನಿ!" ಅವನ ಮುಖ ಅರಳಿತ್ತು. "ಈಗ ನೋಡವಾ ಬಲ ಅಂದ್ರ!"

"ಅದು ಬಲ ಅಲ್ಲೋ! ನಾ ಬಿಟ್ಟಾಗ ಹಿಂಗ ಇರಲಿಲ್ಲ. ಗಾಳಿ ಸಾಲವಲ್ದು. ಗಾಡಿ ಬಾಜೂಕ ಹಚ್ಚು, ನೋಡೂಣು."

"ಲೋಡ ಐತೆವಾ, ಅದಕ್ಕ. ಈಗ ಓಟ ಮುರದ್ರ ಏರಿನ್ಯಾಗ ಏನ ಮಾಡ್ಲಿ? ಬಂತದು."

ಅವನು ಹೇಳಿದ್ದರಲ್ಲೂ ಸುಳ್ಳಿರಲಿಲ್ಲ. ಕಟಕೋಳ ಹಿಂದೆ ಬಿದ್ದಿತ್ತು, ರಸ್ತೆ ಆಗಲೇ ಮೂಗು ಎತ್ತಿತ್ತು. ಭಾರ ಜಗ್ಗುವವರು ಏರಿನ ಬುಡದಲ್ಲಿ ಎಂದೂ ನಿಲ್ಲುವುದಿಲ್ಲ, ಓಟದ ಮೇಲೇ ಅರ್ಧ ಏರಬೇಕು. ಹಿಂದೆ ಒಂದು ಟಂಟಂ ರಿಕ್ಷಾ ಬೇರೆ ಬೆನ್ನು ಹತ್ತಿತ್ತು, ಒಳಗೆ ಹೊಲದಿಂದ ಮರಳುವ ಹೆಣ್ಣಾಳುಗಳು. ನಿಲ್ಲಿಸು ಎಂದು ನಾನು ಕೂಗಿದೆ, ನಿಲ್ಲಿಸುವುದಿಲ್ಲ ಎಂದು ಅವನು ಕೂಗಿದ. ವೈನಿ ಮಾತ್ರ ಎಡಗೈಯಿಂದ ಬಾಗಿಲ ಹಿಡಿಕೆ ಹಿಡಿದು, ಬಲಗಾಲಿನಿಂದ ಗೋಣಿಚೀಲವನ್ನು ಮೆಲ್ಲಗೆ ಮುಂದೆ ಸರಿಸಿಕೊಳ್ಳುತ್ತಿದ್ದಳು.

ಅರ್ಧ ಏರಿನವರೆಗೆ ಓಟ ಒಯ್ದಿತು. ಅಣ್ಣ ಗೇರು ಇಳಿಸಿದ. ಇನ್ನೊಂದು ಇಳಿಸಿದ. ಎಕ್ಸಲೇಟರನ್ನು ನೆಲಕ್ಕೆ ಒತ್ತಿದರೂ ಇಂಜಿನ್ನಿನ ದನಿ ಏರಲಿಲ್ಲ, ಇಳಿಯಿತು. ಕನ್ನಡಿಯಲ್ಲಿ ರಸ್ತೆಯೇ ಕಾಣದಷ್ಟು ಹೊಗೆ. ಮೊದಲನೇ ಗೇರಿನಲ್ಲಿ ಗಾಡಿ ಮೈ ನಡುಗಿಸಿ, ಒಂದು ಸಲ ಕುಪ್ಪಳಿಸಿ, ಬಂದ್ ಆಯಿತು.

ಅಣ್ಣ ಬ್ರೇಕಿನ ಮೇಲೆ ಎದ್ದು ನಿಂತುಬಿಟ್ಟ. ಲಾರಿ ಹಿಡಿಯಿತು, ಟ್ರೇಲರ್ ಹಿಡಿಯಲಿಲ್ಲ. ಕೊಂಡಿ ಕಿರ್ರೆಂದಿತು. ನಾವು ಹಿಂದಕ್ಕೆ ಹೋಗುತ್ತಿದ್ದೆವು, ಮೆಲ್ಲಗೆ, ಹೊಸ ಬ್ರೇಕು ಕಚ್ಚಿ ಹಿಡಿದಿದ್ದ ಲಾರಿಯ ಗಾಲಿಗಳು ತಿರುಗದೆ ರಸ್ತೆಯ ಮೇಲೆ ಜಾರುತ್ತಿದ್ದಂತೆ.

ಎಡಬಾಗಿಲು ತೆರೆದಿತ್ತು. ವೈನಿ ಸೀಟಿನಲ್ಲಿರಲಿಲ್ಲ.

ನಾನೂ ಹಾರಿದೆ. ಕಾಲು ಹೊರಳಿತು, ಎದ್ದು ಓಡಿದೆ. ಟ್ರೇಲರಿನ ಹಿಂದಿನ ಗಾಲಿಗೂ ರಸ್ತೆಯಂಚಿನ ತಗ್ಗಿಗೂ ನಡುವೆ ಒಬ್ಬರು ನಿಲ್ಲುವಷ್ಟೇ ಜಾಗ. ವೈನಿ ಅಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಎರಡೂ ಕೈಯಿಂದ ತುಂಡನ್ನು ಗಾಲಿಯ ಕೆಳಗೆ ತುರುಕುತ್ತಿದ್ದಳು. ಕ್ಯಾಬಿನ್ನಿನಿಂದ ಅಣ್ಣನ ಕೂಗು ಕೇಳಿತು.

"ಕಾಣವಲ್ಲಿ! ಲೇ, ನೀ ಕಾಣವಲ್ಲಿ! ಹೊರಗ ಬಾರಲೇ!"

ಅವನ ಕಾಲು ಬ್ರೇಕಿನ ಮೇಲಿತ್ತು. ಎತ್ತಿದರೆ ಎಲ್ಲ ಮುಗಿಯಿತು. ಅವನು ಕೂಗಬಹುದಿತ್ತು, ಅಷ್ಟೇ. ಗಾಲಿ ತುಂಡನ್ನು ಮುಟ್ಟಿ, ಒಂದು ಮೊಳದಷ್ಟು ಜೊತೆಗೇ ಎಳೆದುಕೊಂಡು ಹೋಯಿತು. ಖಡಿ ಕರಕರ ಎಂದಿತು. ನಾನು ಸಿಕ್ಕ ಕಲ್ಲೊಂದನ್ನು ಎತ್ತಿ ಇನ್ನೊಂದು ಗಾಲಿಯ ಹಿಂದೆ ಹಾಕಿದೆ. ಟಂಟಂನಿಂದ ಇಳಿದ ಹೆಣ್ಣುಮಕ್ಕಳೂ ಕಲ್ಲು ತಂದು ಹಾಕಿದರು. ಗಾಡಿ ತುಂಡಿನ ಮೇಲೆ ಒಂದಿಷ್ಟು ಏರಿ, ನಿಂತಿತು. ವೈನಿ ಹಿಂದಕ್ಕೆ ಜಾರಿ ತಗ್ಗಿನಲ್ಲಿ ಕುಳಿತಳು. ಅವಳ ಕಾಲು, ಕೈ ಎಲ್ಲ ಇದ್ದಲ್ಲೇ ಇವೆಯೇ ಎಂದು ನಾನು ಒಂದೊಂದಾಗಿ ಮುಟ್ಟಿ ನೋಡಿದೆ.

"ಅದಾಳಣ್ಣಾ! ಛಲೋ ಅದಾಳ!" ಎಂದು ಕೂಗಿದೆ.

ಬ್ರೇಕಿನ ಗಾಳಿ ಸೋರಿ ಹೋಗುವ ಮೊದಲು ಇಂಜಿನ್ ಶುರು ಮಾಡು ಎಂದು ಅಣ್ಣನಿಗೆ ಹೇಳಿ, ನಾನು ಕ್ಯಾಬಿನ್ನಿನ ಹಿಂದೆ ಹತ್ತಿದೆ. ಇಂಜಿನ್ನಿಗೆ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿ ಅಲ್ಲಿ, ಎತ್ತರದಲ್ಲಿ, ಕಬ್ಬಿನ ಹೊರೆಗೆ ತಾಗಿಕೊಂಡಿರುತ್ತದೆ. ಕೊಳವೆಯ ಬಾಯಿಗೆ ಎರಡು ಪದರ ಸೀರೆಯ ಬಟ್ಟೆ ಕಟ್ಟಿತ್ತು. ಒದ್ದೆ ಮಾಡಿ ಕಟ್ಟಿದ್ದ ಬಟ್ಟೆ. ದಾರಿಯ ಧೂಳೆಲ್ಲ ಅದಕ್ಕೆ ಮೆತ್ತಿ, ಕೆಸರಾಗಿ, ಆರಿ, ಮಡಕೆಯ ಮುಚ್ಚಳದ ಹಾಗೆ ಗಟ್ಟಿಯಾಗಿತ್ತು. ಟರ್ಬೊ ಎಳೆದ ರಭಸಕ್ಕೆ ಅದು ಒಳಗೆ ಗುಳಿ ಬಿದ್ದಿತ್ತು. ಸಪಾಟಿನಲ್ಲಿ ಇಷ್ಟು ಗಾಳಿ ಸಾಕಾಗುತ್ತದೆ, ಏರಿನಲ್ಲಿ ಹೇಗೆ ಸಾಲಬೇಕು.

ಬಟ್ಟೆ ಕಿತ್ತು ಹಿಡಿದುಕೊಂಡು ಇಳಿದೆ. ವೈನಿ ನೋಡಿ ಬಾಯಿಗೆ ಕೈ ಇಟ್ಟಳು.

"ನಾನ ಕಟ್ಟಿದ್ನಿ ತಂಗಿ. ನೀ ಉಣ್ಣಾಕ ಕುಂತಾಗ. ಕಬ್ಬಿನ್ಯಾಗ ನಾವು ಮೂಗಿಗಿ ಕಟ್ಟಕೋತೇವಲ್ಲ. ಇದು ಭಾಳ ಉಸಿರ ತಗೋತೈತಿ ಅಂತ ನೀನ ಅಂದಿದ್ದಿ. ಧೂಳ ಒಳಗ ಹೋಗಬಾರದಂತ ಒದ್ದಿ ಮಾಡಿ ಕಟ್ಟಿದ್ನಿ."

ಬೇರೆ ಯಾರಾದರೂ ಆಗಿದ್ದರೆ ನಾನು ಅಲ್ಲೇ ಅವರ ಏಳು ತಲೆಮಾರು ಎತ್ತಿ ಬೈಯುತ್ತಿದ್ದೆ. ಅವಳ ಮುಖ ನೋಡಿ ನನಗೆ ಅಳು ಬಂತು. ಇಡೀ ದಿನ ರವದಿಯ ಧೂಳಿನಲ್ಲಿ ಉಸಿರಾಡುವ ಹೆಂಗಸಿಗೆ ಇಂಜಿನ್ನಿನ ಮೇಲೂ ಕರುಣೆ ಬಂದಿತ್ತು. ಅದರಲ್ಲಿ ಬೈಯುವುದೇನಿದೆ?

ಇಂಜಿನ್ನು ನಡೆಯುತ್ತಿತ್ತು. ಗಾಲಿಗಳ ಹಿಂದೆ ಕಲ್ಲು ಭದ್ರವಾಗಿವೆ ಎಂದು ನಾನು ಹೇಳಿದ ಮೇಲೆ ಅಣ್ಣ ಕೈಬ್ರೇಕು ಎಳೆದು ಕೆಳಗಿಳಿದ. ಅವನು ಹೆಂಡತಿಗೆ ಹೊಡೆಯುತ್ತಾನೋ, ಅಪ್ಪಿಕೊಳ್ಳುತ್ತಾನೋ ನನಗೆ ಗೊತ್ತಾಗಲಿಲ್ಲ. ಎರಡೂ ಮಾಡಲಿಲ್ಲ. ಅವಳು ಕುಳಿತಿದ್ದ ಜಾಗಕ್ಕೆ ಹೋಗಿ, ಗಾಲಿಯ ಪಕ್ಕದಲ್ಲಿ, ಅವಳು ಕುಳಿತಂತೆಯೇ ಕುಕ್ಕರಗಾಲಿನಲ್ಲಿ ಕುಳಿತ. ಮೇಲೆ ನೋಡಿದ. ಗಾಲಿ, ಅದರ ಮೇಲೆ ಟ್ರೇಲರು, ಅದರ ಮೇಲೆ ಆಕಾಶದವರೆಗೆ ಕಬ್ಬು. ಅಷ್ಟು ವರ್ಷ ಆ ಗಾಡಿ ಹೊಡೆದರೂ ಏರಿನಲ್ಲಿ ಅವನು ಅಲ್ಲಿ ನಿಂತಿರಲಿಲ್ಲ. ಡ್ರೈವರ್ ಹೇಗೆ ನಿಲ್ಲಬೇಕು?

"ಇನ್ನ ಬಟ್ಟಿ ಇಲ್ಲ, ಜಗ್ಗತೈತಿ. ಹತ್ತು, ಹೋಗೂಣು," ಎಂದೆ.

"ನಾ ಹತ್ತೂದಿಲ್ಲ," ಎಂದ. ಹೆಂಡತಿಯ ಕಡೆ ತಿರುಗಿ, "ನೀ ಹತ್ತು. ಸ್ಟೇರಿಂಗ್ ಹಿಡಿ. ನಾ ನಡಕೋತ ಬರತೇನಿ."

"ನಾ? ಏರಿನ್ಯಾಗ?" ವೈನಿ ಒಂದು ಹೆಜ್ಜೆ ಹಿಂದೆ ಸರಿದಳು. "ನಾ ಸರದ್ಯಾಗ ಹೊಡದೇನಿ, ಅಷ್ಟ. ಬ್ಯಾಡ್ರಿ, ನಿಮ್ಮ ಕಾಲ ಬೀಳತೇನಿ. ತಂಗಿ ಹೊಡೀಲಿ."

"ಈ ಕ್ಲಚ್ಚ ತಂಗಿಗಿಂತ ನಿನಗ ಗೊತ್ತೈತಿ. ಹತ್ತಲೇ."

ಅದು ನಿಜವಾಗಿತ್ತು. ಪಂಪು ನನ್ನದು, ಆದರೆ ತುಂಬಿದ ಗಾಡಿಯನ್ನು ಒಂದೊಂದು ಗೇಣು ಸರಿಸಿದ ಕಾಲು ಅವಳದು. ವೈನಿ ಹತ್ತಿ ಕುಳಿತಳು. ನಾನು ಪಕ್ಕದಲ್ಲಿ. ಅವಳು ಸೆರಗು ಸೊಂಟಕ್ಕೆ ಬಿಗಿದು, ಒಂದು ಸಲ ಕಣ್ಣು ಮುಚ್ಚಿ, ಮೊದಲನೇ ಗೇರು ಹಾಕಿದಳು. ಇಂಜಿನ್ನು ಹೂಂಕರಿಸಿತು. ಕ್ಲಚ್ಚು ಹಿಡಿಯುವ ಜಾಗಕ್ಕೆ ಬಂದಾಗ ಟರ್ಬೊದ ಸಿಳ್ಳೆ ಸಣ್ಣಗೆ ಶುರುವಾಯಿತು. ಕಿತ್ತೂರು ರಸ್ತೆಯಲ್ಲಿ ಕೇಳಿದ ದನಿ ಅದೇ. ಕೈಬ್ರೇಕು ಬಿಟ್ಟಳು. ಗಾಡಿ ಹಿಂದೆ ಹೋಗಲಿಲ್ಲ. ಒಂದು ಕ್ಷಣ ಎಲ್ಲೂ ಹೋಗಲಿಲ್ಲ. ಆಮೇಲೆ ಮುಂದೆ ಉರುಳಿತು.

"ಜಗ್ಗಾಕ ಹತ್ತೇತಿ ವೈನಿ! ಹಿಂಗ ಬಿಡ್ರಿ, ಹಿಂಗ!"

ಅವಳು ನನ್ನ ಮಾತು ಕೇಳುತ್ತಿರಲಿಲ್ಲ. ಅವಳು ರಸ್ತೆ ನೋಡುವುದಕ್ಕಿಂತ ಹೆಚ್ಚಾಗಿ ಎಡಗಡೆಯ ಕನ್ನಡಿ ನೋಡುತ್ತಿದ್ದಳು. ಕನ್ನಡಿಯಲ್ಲಿ ಅಣ್ಣ ಕಾಣುತ್ತಿದ್ದ. ತುಂಡನ್ನು ಎರಡೂ ತೋಳಿನಲ್ಲಿ ಎದೆಗೆ ಅವಚಿಕೊಂಡು, ಬೆನ್ನು ಬಾಗಿಸಿ, ಗಾಲಿಯ ಪಕ್ಕದಲ್ಲಿ ಒಂದೊಂದೇ ಹೆಜ್ಜೆ. ಅವನ ಹೊಟ್ಟೆ, ಅವನ ಬೋಳುತಲೆ, ಅಷ್ಟು ದೊಡ್ಡ ಗಾಲಿಯ ಪಕ್ಕದಲ್ಲಿ ಅವನು ನನ್ನ ಅಣ್ಣನೇ ಅಲ್ಲವೇನೋ ಎಂಬಷ್ಟು ಸಣ್ಣವನಾಗಿ ಕಾಣುತ್ತಿದ್ದ. ತುದಿಯ ಹತ್ತಿರ ರಸ್ತೆ ತಿರುಗಿದಾಗ ಟ್ರೇಲರು ಓರೆಯಾಗಿ, ಅವನು ಕನ್ನಡಿಯಿಂದ ಮಾಯವಾದ.

"ಕಾಣವಲ್ರು!" ವೈನಿ ಚೀರಿದಳು. "ತಂಗಿ, ಇವ್ರು ಕಾಣವಲ್ರು!"

ಅವಳ ಕಾಲು ಎಕ್ಸಲೇಟರಿನಿಂದ ಏಳುತ್ತಿತ್ತು. ಇಂಜಿನ್ನು ತಗ್ಗಿತು. ನಾನು ಬಾಗಿ ಅವಳ ಮೊಣಕಾಲನ್ನು ಕೆಳಗೆ ಒತ್ತಿ ಹಿಡಿದೆ.

"ಕಾಲ ಎತ್ತಬ್ಯಾಡ್ರಿ! ಎತ್ತಿದ್ರ ಅಂವನ ಮ್ಯಾಲ ಹೋಗತೈತಿ! ಮುಂದ ನೋಡ್ರಿ ವೈನಿ, ಮುಂದ!"

ಅವಳು ಮುಂದೆ ನೋಡಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಲು ಕೈ ಖಾಲಿ ಇರಲಿಲ್ಲ. ತಿರುವು ಮುಗಿದು ಟ್ರೇಲರು ನೆಟ್ಟಗಾಗುವವರೆಗೆ ನಾನು ಅವಳ ಮೊಣಕಾಲು ಬಿಡಲಿಲ್ಲ. ಕನ್ನಡಿಯಲ್ಲಿ ಮತ್ತೆ ಆ ಬೋಳುತಲೆ ಕಂಡಿತು.

ಮೇಲೆ ಸಪಾಟಿಗೆ ಬಂದು ವೈನಿ ಗಾಡಿ ನಿಲ್ಲಿಸಿದಳು. ಹಿಂದೆ ಬಂದ ಟಂಟಂನವರು ನಮ್ಮನ್ನು ದಾಟಿ ಹೋಗುತ್ತ ಏನೋ ಕೂಗಿ ಕೈ ಬೀಸಿದರು. ಅಣ್ಣ ನಡೆದು ಬಂದು, ಎಡಬಾಗಿಲು ತೆರೆದು, ತುಂಡನ್ನು ಒಳಗಿಟ್ಟು, ಹತ್ತಿ ನನ್ನ ಪಕ್ಕದಲ್ಲಿ ಕುಳಿತ. ಏದುಸಿರು ಇನ್ನೂ ಇಳಿದಿರಲಿಲ್ಲ.

ವೈನಿ ರಸ್ತೆಯನ್ನೇ ನೋಡುತ್ತ ಕೇಳಿದಳು. "ಇಷ್ಟ ವರ್ಷ ನೀವು ಕನ್ನಡ್ಯಾಗ ಇದನ್ನ ನೋಡ್ಕೋತ ಬರತಿದ್ರೇನ್ರಿ?"

"ಹೂಂ," ಎಂದ ಅಣ್ಣ.

ಆಮೇಲೆ ಅವನು, "ಅಲ್ಲಿ ನಿಂತ್ರ ಗಾಲಿ ಭಾಳ ದೊಡ್ಡದ ಕಾಣತೈತಿ," ಎಂದ. "ನೀ ಒಂದ ಸಲಾನೂ ಹೇಳಲಿಲ್ಲ."

"ಹೇಳಿದ್ರ ನೀವು ಗಾಡಿ ಹೊಡೀತಿದ್ರೇನು?"

ಜಾಲಿಯ ಒರಟಿಗೆ ಅಣ್ಣನ ಎರಡೂ ಅಂಗೈ ಸುಲಿದಿದ್ದವು. ಅವನ್ನು ತೊಡೆಯ ಮೇಲೆ ಬಿಚ್ಚಿ ಇಟ್ಟುಕೊಂಡು ಕುಳಿತಿದ್ದ. ವೈನಿ ಒಮ್ಮೆ ಆ ಕೈಗಳ ಕಡೆ ನೋಡಿದಳು. ಸೀಟು ಬಿಟ್ಟುಕೊಡು ಎಂದು ಅವನು ಕೇಳಲಿಲ್ಲ, ಅವಳೂ ಏಳಲಿಲ್ಲ. ಗೇರು ಹಾಕಿ ರಾಮದುರ್ಗದ ಕಡೆ ಗಾಡಿ ಬಿಟ್ಟಳು.